ಪ್ರವಾಸ ಮತ್ತು ನಿಸರ್ಗ ಚಿತ್ರಗಳಿಗೆ ಯಾವ ಬಾಡಿ, ಯಾವ ಲೆನ್ಸ್? ಒಟ್ಟು ಭಾರ ಮೂರೂವರೆ ಕಿಲೋ ದಾಟಬಾರದು

ದೂರದಬೆಟ್ಟ

ಚಾರಣಕ್ಕೂ ಪ್ರವಾಸಕ್ಕೂ ಒದಗುವಂಥ ಒಂದು ಕ್ಯಾಮೆರಾ ಸೆಟ್ ಜೋಡಿಸಬೇಕಿದೆ. ಇಷ್ಟು ದಿನ ಫೋನಿನಲ್ಲೇ ತೆಗೆದದ್ದು. ಅಪರ್ಚರ್, ಶಟರ್, ಐಎಸ್‌ಒ ಲೆಕ್ಕ ಗೊತ್ತಿದೆ. ಬಾಡಿ, ಲೆನ್ಸ್, ಟ್ರೈಪಾಡ್, ಫಿಲ್ಟರ್, ಬ್ಯಾಟರಿ ಎಲ್ಲ ಸೇರಿ 3.5 ಕಿಲೋ ಮೀರಬಾರದು. ತೆಗೆಯುವುದು ಬೆಟ್ಟದ ಸಾಲು, ಜಲಪಾತ, ಕಡಲ ತೀರ, ಆಗೊಮ್ಮೆ ಈಗೊಮ್ಮೆ ರಾತ್ರಿಯ ನಕ್ಷತ್ರ. ಹಕ್ಕಿ, ಕಾಡುಪ್ರಾಣಿ, ವಿಡಿಯೊ ಬೇಡ. ಪ್ರಿಂಟ್ ಮಾಡಿಸುವುದು ಹೆಚ್ಚೆಂದರೆ 24×16 ಇಂಚು.

ಕೇಳಬೇಕಾದದ್ದು ಮೂರು. ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರ್) ಬೇಕೇ ಬೇಕಾ? 24 ಮೆಗಾಪಿಕ್ಸೆಲ್ ಸಾಕಾ? ಎಲ್ಲಕ್ಕೂ ಒಂದೇ ಉದ್ದ ಜೂಮ್ ಒಳ್ಳೆಯದಾ, ಎರಡು ಮೂರು ಲೆನ್ಸ್ ಹೊತ್ತರೆ ಒಳ್ಳೆಯದಾ?

ಗಾಜುಕಣ್ಣು

ಬಾಡಿಯನ್ನು ಕೊನೆಗೆ ಆರಿಸಿ. ಮೊದಲು ಯಾವ ನೋಟದ ಕೋನಗಳು ಬೇಕೆಂದು ತೀರ್ಮಾನಿಸಿ, ಅವನ್ನು ಕಡಿಮೆ ತೂಕದಲ್ಲಿ ಕೊಡುವ ಲೆನ್ಸ್‌ಗಳು ಯಾವ ಮೌಂಟ್‌ನಲ್ಲಿವೆ ನೋಡಿ. ಮೌಂಟ್ ಎಂದರೆ ಬಾಡಿಗೆ ಲೆನ್ಸ್ ಕೂರುವ ಜೋಡಣೆ. ಆಮೇಲೆ ಆ ಮೌಂಟ್‌ನ ಬಾಡಿ. ಒಂದೇ ದರ್ಜೆಯ ಬಾಡಿಗಳ ನಡುವೆ ತೂಕದ ವ್ಯತ್ಯಾಸ ನೂರು ಇನ್ನೂರು ಗ್ರಾಂ. ಲೆನ್ಸ್‌ಗಳನ್ನು ಯೋಚಿಸದೆ ಆರಿಸಿದರೆ ವ್ಯತ್ಯಾಸ ಒಂದು ಕಿಲೋಗೆ ಹೋಗುತ್ತದೆ.

ಫುಲ್ ಫ್ರೇಮ್ ಲೆಕ್ಕದಲ್ಲಿ ಅಡ್ಡ ಕೋನಗಳು ಹೀಗಿವೆ: 16 ಮಿ.ಮೀ.ಗೆ ಸುಮಾರು 97 ಡಿಗ್ರಿ, 20ಕ್ಕೆ 84, 24ಕ್ಕೆ 74, 35ಕ್ಕೆ 54, 70ಕ್ಕೆ 29, 200ಕ್ಕೆ 10. ಅಗಲದ ತುದಿಯಲ್ಲಿ ಒಂದೊಂದು ಮಿಲಿಮೀಟರ್‌ಗೂ ಬೆಲೆಯಿದೆ: 24ರಿಂದ 20ಕ್ಕೆ ಇಳಿದರೆ 10 ಡಿಗ್ರಿ ಹೆಚ್ಚು ಸಿಗುತ್ತದೆ. ದೂರದ ತುದಿಯಲ್ಲಿ 180ಕ್ಕೂ 200ಕ್ಕೂ ಇರುವುದು ಒಂದು ಡಿಗ್ರಿ ಚಿಲ್ಲರೆ.

ನಿಸರ್ಗ ಎಂದರೆ ವೈಡ್ ಲೆನ್ಸ್ ಎಂಬ ನಂಬಿಕೆ ಬಿಡಿ. ಬೆಟ್ಟದ ಸಾಲು ನಿಮ್ಮ ಪಟ್ಟಿಯಲ್ಲಿ ಮೊದಲಿದೆ. 16 ಮಿ.ಮೀ.ನಲ್ಲಿ ದೂರದ ಬೆಟ್ಟ ಒಂದು ಸಣ್ಣ ಗೆರೆಯಾಗಿ ಬಿಡುತ್ತದೆ, ಚಿತ್ರವನ್ನು ಮುನ್ನೆಲೆಯ ಕಲ್ಲೋ ಹೂವೋ ಹೊರಬೇಕು. ಮಂಜಿನಲ್ಲಿ ಒಂದರ ಹಿಂದೊಂದು ನಿಂತ ಸಾಲುಗಳು ಬರುವುದು 70ರಿಂದ 200ರ ನಡುವೆ. ಈಗಾಗಲೇ ಫೋನಿನಲ್ಲಿ ತೆಗೆದ ಚಿತ್ರಗಳ ವಿವರ ತೆರೆದು ನೋಡಿ. ಅಗಲದ ಲೆನ್ಸ್ ಹೆಚ್ಚು ಬಳಸಿದ್ದೀರಾ, ಜೂಮ್ ಮಾಡಿ ಕತ್ತರಿಸಿದ್ದೀರಾ? ಯಾವ ವಿಮರ್ಶೆಗಿಂತಲೂ ಅದು ನಿಮಗೆ ಸರಿಯಾದ ಉತ್ತರ ಕೊಡುತ್ತದೆ.

ನಿಮ್ಮ ಮಿತಿಗೆ ಹೊಂದುವ ಕೆಲವು ಜೋಡಣೆಗಳು, ಬ್ಯಾಟರಿ ಸಹಿತ ಬಾಡಿ ತೂಕದೊಂದಿಗೆ (20-70ರಂಥವು ಲೆನ್ಸಿನ ಮಿ.ಮೀ., ಆವರಣದಲ್ಲಿರುವುದು ಗ್ರಾಂ):

ಸೋನಿ ಎ7ಸಿ 2 (514 ಗ್ರಾಂ), 20-70 ಎಫ್/4 (488), ಟ್ಯಾಮ್ರಾನ್ 70-300 (545). ಒಟ್ಟು 1547.

ನಿಕಾನ್ ಝಡ್5 2 (700), 14-30 ಎಫ್/4 (485), 24-200 (570). ಒಟ್ಟು 1755.

ಫ್ಯೂಜಿ ಎಕ್ಸ್-ಟಿ5 (557), 10-24 ಎಫ್/4 (385), 16-80 ಎಫ್/4 (440), 70-300 (580). ಒಟ್ಟು 1962.

ಓಎಂ-5 (414), 8-25 ಎಫ್/4 (411), 40-150 ಎಫ್/4 (382). ಒಟ್ಟು 1207.

ಸೋನಿ, ನಿಕಾನ್ ಫುಲ್ ಫ್ರೇಮ್ ಸೆಟ್‌ಗಳಿಗಿಂತ ಎಪಿಎಸ್-ಸಿ (ಅದಕ್ಕಿಂತ ಚಿಕ್ಕ ಸೆನ್ಸರ್) ಇರುವ ಫ್ಯೂಜಿ ಸೆಟ್ ಇಲ್ಲಿ ಭಾರವಾಗಿದೆ, ಗಮನಿಸಿ. ಮೂರು ಲೆನ್ಸ್ ಬದಲು ಎರಡೇ ಸಾಕಾಗುವಂತೆ ಮಾಡಿದ್ದು ಸೋನಿಯ ಆ 20-70. ಅದು 24ರಿಂದ ಶುರುವಾಗಿದ್ದರೆ ಜೊತೆಗೆ ಇನ್ನೊಂದು ವೈಡ್ ಹೊರಬೇಕಾಗುತ್ತಿತ್ತು.

ಹಗುರಚೀಲ

ಆ ನಾಲ್ಕನೆಯ ಸೆಟ್ಟನ್ನು ಯಾರೂ ಗಂಭೀರವಾಗಿ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅದರಲ್ಲಿರುವ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ 17.3×13 ಮಿ.ಮೀ., ಫುಲ್ ಫ್ರೇಮ್ 36×24. ವಿಸ್ತೀರ್ಣದಲ್ಲಿ ಸುಮಾರು 3.8 ಪಟ್ಟು, ಅಂದರೆ ಹತ್ತಿರ ಹತ್ತಿರ ಎರಡು ಸ್ಟಾಪ್ ಬೆಳಕಿನ ವ್ಯತ್ಯಾಸ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ). ಒಂದೇ ಫ್ರೇಮ್‌ಗೆ ಫ್ರೇಮ್ ಹೋಲಿಸಿದರೆ ಮಾತ್ರ ಇದು ನಿಜ. ಅಲುಗಾಡದ ದೃಶ್ಯವನ್ನು ಟ್ರೈಪಾಡ್ ಮೇಲೆ 4 ಸಲ ತೆಗೆದು ಸರಾಸರಿ ಮಾಡಿದರೆ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಅರ್ಧಕ್ಕಿಳಿಯುತ್ತದೆ, ಆ ಎರಡು ಸ್ಟಾಪ್ ಅಲ್ಲಿಗೆ ಮುಚ್ಚಿಹೋಯಿತು. ಫೋಟೊಶಾಪ್‌ನಲ್ಲಾದರೆ ನಾಲ್ಕನ್ನೂ ಲೇಯರ್ ಆಗಿ ತೆರೆದು, ಒಂದರ ಮೇಲೊಂದು ಸರಿಯಾಗಿ ಹೊಂದಿಸಿ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಸ್ಟ್ಯಾಕ್ ಮೋಡ್‌ನಲ್ಲಿ ಮೀನ್ ಆರಿಸಿದರೆ ಆಯಿತು.

ಓಎಂ-5ನಲ್ಲಿ ಕೈಯಲ್ಲೇ ಹಿಡಿದು 50 ಮೆಗಾಪಿಕ್ಸೆಲ್ ಫೈಲ್ ಮಾಡುವ ಸೌಲಭ್ಯವಿದೆ. ಲೈವ್ ಎನ್‌ಡಿ ಎಂಬ ವಿಧಾನ ಹಲವು ಫ್ರೇಮ್‌ಗಳನ್ನು ಒಳಗೇ ಕೂಡಿಸಿ 4 ಸ್ಟಾಪ್‌ವರೆಗಿನ ಎನ್‌ಡಿ ಫಿಲ್ಟರ್‌ನ (ಬೆಳಕು ತಗ್ಗಿಸುವ ಕಪ್ಪು ಗಾಜು) ಕೆಲಸ ಮಾಡುತ್ತದೆ. ಜಲಪಾತಕ್ಕೆ ಅಷ್ಟು ಸಾಕು. ಮಳೆಯಲ್ಲಿ ನಡೆಯುವವರಿಗೆ ಇನ್ನೊಂದು ಮುಖ್ಯ ಮಾತು: ಈ ಬಾಡಿಗೆ ಧೂಳು, ತುಂತುರು ತಡೆಯುವ ಐಪಿ53 ಪ್ರಮಾಣವಿದೆ. ಹೆಚ್ಚಿನ ಕಂಪನಿಗಳು "ವೆದರ್ ಸೀಲ್ಡ್" ಎಂದಷ್ಟೇ ಹೇಳಿ ಯಾವ ಅಳತೆಯನ್ನೂ ಕೊಡುವುದಿಲ್ಲ. ಲೆನ್ಸ್ ಮೌಂಟಿನ ಸುತ್ತ ರಬ್ಬರ್ ಅಂಚು ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಬಾಡಿ ಎಷ್ಟೇ ಭದ್ರವಿರಲಿ, ಲೆನ್ಸಿಗೆ ಆ ಅಂಚಿಲ್ಲದಿದ್ದರೆ ನೀರು ಒಳಬರುವುದು ಅಲ್ಲಿಂದಲೇ.

ನಸುಕು

ಸರಾಸರಿ ವಿಧಾನ ಒಳ್ಳೆಯದೇ. ಆದರೆ ಗಾಳಿಗೆ ಹುಲ್ಲು ತೂಗುತ್ತಿದ್ದರೆ, ಅಲೆ ಬಡಿಯುತ್ತಿದ್ದರೆ, ಮೋಡ ಓಡುತ್ತಿದ್ದರೆ ಆ ಭಾಗಗಳು ಕದಡುತ್ತವೆ. ಹೊತ್ತು ಹುಟ್ಟುವಾಗ ಇವೆಲ್ಲ ಒಟ್ಟಿಗೇ ಇರುತ್ತವೆ. ಒಂದೇ ಫ್ರೇಮಿನಲ್ಲಿ ನೆರಳನ್ನು ಮೂರು ಸ್ಟಾಪ್ ಎತ್ತಬೇಕಾದ ಸಂದರ್ಭದಲ್ಲಿ ದೊಡ್ಡ ಸೆನ್ಸರ್ ನಿಜಕ್ಕೂ ಕೈಹಿಡಿಯುತ್ತದೆ. ನಿಕಾನ್ ಝಡ್7 2ರಲ್ಲಿ ಮೂಲ ಐಎಸ್‌ಒ 64 ಇರುವುದೂ ಅದೇ ಕಾರಣಕ್ಕೆ ಉಪಯುಕ್ತ. ಸೆನ್ಸರ್ ತುಂಬುವ ಮೊದಲು ಹೆಚ್ಚು ಬೆಳಕು ಹಿಡಿಯಬಹುದು, ನೆರಳು ಅಷ್ಟು ಶುದ್ಧವಾಗಿರುತ್ತದೆ.

ಮೆಗಾಪಿಕ್ಸೆಲ್ ಲೆಕ್ಕ ಸರಳ. 24 ಮೆಗಾಪಿಕ್ಸೆಲ್ ಎಂದರೆ 6000×4000. 24 ಇಂಚಿಗೆ ಭಾಗಿಸಿ: ಇಂಚಿಗೆ 250 ಪಿಕ್ಸೆಲ್. 20 ಮೆಗಾಪಿಕ್ಸೆಲ್ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಅಗಲ 5184, ಅಂದರೆ 216. ಫ್ಯೂಜಿಯ 40ರಲ್ಲಿ 7728, ಅಂದರೆ 322. ಗೋಡೆಗೆ ಹಾಕಿ ತೋಳಳತೆಯ ದೂರದಿಂದ ನೋಡುವ ಪ್ರಿಂಟ್‌ಗೆ 200 ದಾಟಿದರೆ ಸಾಕು. ಹಾಗಾಗಿ ನಿಮ್ಮ ಅಳತೆಗೆ ಮೂರೂ ಸರಿ. ಹೆಚ್ಚು ಮೆಗಾಪಿಕ್ಸೆಲ್ ಬೇಕಾಗುವುದು ಕತ್ತರಿಸುವವರಿಗೆ. 40 ಮೆಗಾಪಿಕ್ಸೆಲ್ ಚಿತ್ರವನ್ನು ಅರ್ಧ ಅಗಲಕ್ಕೆ ಕತ್ತರಿಸಿದರೆ ಉಳಿಯುವುದು 10, ಅದನ್ನೂ ಮರೆಯಬೇಡಿ.

ಗಾಜುಕಣ್ಣು

ಇದಕ್ಕೆ ಒಂದು ಸೇರ್ಪಡೆ, ಏಕೆಂದರೆ ಇಲ್ಲೇ ಹೆಚ್ಚು ಗೊಂದಲ. ಸಣ್ಣ ಸೆನ್ಸರಿನಲ್ಲಿ ಡೆಪ್ತ್ ಆಫ್ ಫೀಲ್ಡ್ (ಸ್ಪಷ್ಟವಾಗಿ ಕಾಣುವ ಆಳ) ಹೆಚ್ಚು, ಹಾಗಾಗಿ ನಿಸರ್ಗಕ್ಕೆ ಅದೇ ಲಾಭ ಎನ್ನುತ್ತಾರೆ. ದೊಡ್ಡ ಸೆನ್ಸರಿನವರು ನಮ್ಮಲ್ಲಿ ಡಿಫ್ರಾಕ್ಷನ್ (ಅಪರ್ಚರ್ ಕಿರಿದಾದಾಗ ಮೂಡುವ ಮಸುಕು) ತಡವಾಗಿ ಬರುತ್ತದೆ ಎನ್ನುತ್ತಾರೆ. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಫುಲ್ ಫ್ರೇಮ್‌ನಲ್ಲಿ ಎಫ್/11, ಎಪಿಎಸ್-ಸಿಯಲ್ಲಿ ಎಫ್/7.1, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಎಫ್/5.6: ಈ ಮೂರರಲ್ಲೂ ಒಂದೇ ಕೋನದ ಚಿತ್ರಕ್ಕೆ ಆಳವೂ ಒಂದೇ, ಡಿಫ್ರಾಕ್ಷನ್ ಮಸುಕೂ ಒಂದೇ.

ಅನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದ ಅಮೆರಿಕದ ಛಾಯಾಗ್ರಾಹಕರು 1932ರಲ್ಲಿ ತಮ್ಮ ಗುಂಪಿಗೆ ಎಫ್/64 ಎಂದು ಹೆಸರಿಟ್ಟದ್ದನ್ನು ಓದಿ, ಅಪರ್ಚರ್ ಎಷ್ಟು ಕಿರಿದಾದರೆ ಅಷ್ಟು ಒಳ್ಳೆಯದು ಎಂದುಕೊಳ್ಳುವವರಿದ್ದಾರೆ. ಅವರ ಕಾಲದ 8×10 ಇಂಚಿನ ಫಿಲ್ಮ್ ಹಾಳೆಯ ಕರ್ಣ ಫುಲ್ ಫ್ರೇಮ್ ಕರ್ಣದ ಏಳೂವರೆ ಪಟ್ಟು. 64ನ್ನು ಏಳೂವರೆಯಿಂದ ಭಾಗಿಸಿದರೆ ಎಫ್/8.5. ನಾವು ಇವತ್ತು ಎಫ್/8ರಲ್ಲಿ ತೆಗೆಯುವುದೂ ಅವರು ಎಫ್/64ರಲ್ಲಿ ತೆಗೆದದ್ದೂ ಆಳದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ.

ದೂರದಬೆಟ್ಟ

ಮುನ್ನೆಲೆಯಲ್ಲಿ ಒಂದು ಮೀಟರ್ ದೂರದಲ್ಲಿ ಹೂವು, ಹಿಂದೆ ಬೆಟ್ಟ. ಎರಡೂ ಸ್ಪಷ್ಟವಾಗಿ ಬರಬೇಕು. ಎಲ್ಲಿ ಫೋಕಸ್ ಮಾಡಬೇಕು, ಯಾವ ಅಪರ್ಚರ್? ಎಫ್/16ಕ್ಕೆ ಹೋಗಬಹುದಾ?

ನಸುಕು

ಅತಿ ಹತ್ತಿರದ ವಸ್ತು ಎಷ್ಟು ದೂರದಲ್ಲಿದೆಯೋ ಅದರ ಎರಡು ಪಟ್ಟು ದೂರಕ್ಕೆ ಫೋಕಸ್ ಮಾಡಿ. ಹೂವು 1 ಮೀಟರ್‌ನಲ್ಲಿದ್ದರೆ ಫೋಕಸ್ 2 ಮೀಟರ್‌ಗೆ. ಆಗ ಹೂವಿನ ಮಸುಕೂ ಬೆಟ್ಟದ ಮಸುಕೂ ಸಮನಾಗುತ್ತವೆ. ದೂರವನ್ನು ಸೆನ್ಸರಿನಿಂದ ಅಳೆಯಬೇಕು, ಲೆನ್ಸಿನ ಮೂತಿಯಿಂದಲ್ಲ.

ಅಪರ್ಚರ್ ಬಗ್ಗೆ ಲೆಕ್ಕ ಹಾಕಿಯೇ ನೋಡೋಣ. 20 ಮಿ.ಮೀ., ಫುಲ್ ಫ್ರೇಮ್, ಫೋಕಸ್ 2 ಮೀಟರ್. ಎಫ್/11ರಲ್ಲಿ ಫೋಕಸ್ ತಪ್ಪಿದ್ದರಿಂದ ಬರುವ ಮಸುಕು ಸೆನ್ಸರಿನ ಮೇಲೆ ಸುಮಾರು 18 ಮೈಕ್ರಾನ್, ಡಿಫ್ರಾಕ್ಷನ್ನಿನದು 15. ಎಫ್/16ರಲ್ಲಿ ಮೊದಲನೆಯದು 12.5ಕ್ಕೆ ಇಳಿಯುತ್ತದೆ, ಎರಡನೆಯದು 21ಕ್ಕೆ ಏರುತ್ತದೆ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಎಫ್/11ರಲ್ಲಿ ಸುಮಾರು 23, ಎಫ್/16ರಲ್ಲಿ 25. ಹೂವಿಗೂ ಬೆಟ್ಟಕ್ಕೂ ಒಂದಿಷ್ಟೂ ಲಾಭವಿಲ್ಲ, ನಡುವಿನ ಸ್ಪಷ್ಟ ಭಾಗವೂ ಹಾಳು, ಮೇಲಾಗಿ ಸೆನ್ಸರಿನ ಧೂಳು ಎದ್ದು ಕಾಣುತ್ತದೆ. ಎಫ್/11ರಲ್ಲಿ ನಿಲ್ಲಿ.

24 ಇಂಚಿನ ಪ್ರಿಂಟ್‌ಗೆ ಸೆನ್ಸರ್ ಚಿತ್ರ 17 ಪಟ್ಟು ಹಿಗ್ಗುತ್ತದೆ. 23 ಮೈಕ್ರಾನ್ ಅಲ್ಲಿ 0.4 ಮಿ.ಮೀ. ಆಗುತ್ತದೆ. ದೂರದಿಂದ ನೋಡಲು ಅಡ್ಡಿಯಿಲ್ಲ, ಹತ್ತಿರ ಬಂದರೆ ಮೆತ್ತಗೆ ಕಾಣುತ್ತದೆ. ಅದೂ ಬೇಡವೆಂದರೆ ಎಫ್/8ರಲ್ಲಿ ಮೂರು ಫ್ರೇಮ್: ಹೂವಿಗೊಂದು, 2 ಮೀಟರ್‌ಗೊಂದು, ಬೆಟ್ಟಕ್ಕೊಂದು. ಆಮೇಲೆ ಫೋಕಸ್ ಸ್ಟ್ಯಾಕ್, ಅಂದರೆ ಮೂರರ ಸ್ಪಷ್ಟ ಭಾಗಗಳನ್ನು ಕೂಡಿಸುವುದು. ಹತ್ತಿರದ್ದರಿಂದ ಶುರುಮಾಡಿ, ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್ ಬದಲಿಸಬೇಡಿ, ಗಾಳಿ ನಿಲ್ಲುವವರೆಗೆ ಕಾಯಿರಿ. ಹೂವು ಫ್ರೇಮಿನಿಂದ ಫ್ರೇಮಿಗೆ ತೂಗಿದ್ದರೆ ಯಾವ ತಂತ್ರಾಂಶವೂ ಅದರ ಅಂಚನ್ನು ಸರಿಯಾಗಿ ಹೊಂದಿಸುವುದಿಲ್ಲ.

ಎಕ್ಸ್‌ಪೋಶರ್ ವಿಷಯ ಬಂತಲ್ಲ, ಒಂದು ಮಾತು. ಪರದೆಯ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಸೆನ್ಸರಿನ ಕಚ್ಚಾ ರಾ ಫೈಲಿನದಲ್ಲ, ಕ್ಯಾಮೆರಾ ತಯಾರಿಸಿದ ಜೆಪೆಗ್‌ನದು. ವಿವಿಡ್‌ನಂಥ ಗಾಢ ಬಣ್ಣದ ಪ್ರೊಫೈಲ್ ಇಟ್ಟರೆ ಹೊತ್ತು ಮುಳುಗುವ ಕೆಂಪು ಬೇಗ ತುಂಬಿದಂತೆ ತೋರಿಸಿ ನಿಮ್ಮನ್ನು ಕಡಿಮೆ ಬೆಳಕಿಗೆ ತಳ್ಳುತ್ತದೆ. ನ್ಯೂಟ್ರಲ್ ಅಥವಾ ಫ್ಲ್ಯಾಟ್ ಇಟ್ಟು, ಮೂರು ಬಣ್ಣದ ಹಿಸ್ಟೋಗ್ರಾಮ್ ನೋಡಿ. ಸೂರ್ಯ ಫ್ರೇಮಿನೊಳಗಿದ್ದರೆ 2 ಸ್ಟಾಪ್ ಅಂತರದಲ್ಲಿ 3 ಫ್ರೇಮ್ ಬ್ರಾಕೆಟ್ ಮಾಡಿ, ಅಂದರೆ ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ತೆಗೆಯಿರಿ.

ಮೂರುಕಾಲು

ಎಲ್ಲರೂ ಲೆನ್ಸಿನ ಗ್ರಾಂ ಎಣಿಸುತ್ತಿದ್ದೀರಿ, ಟ್ರೈಪಾಡ್‌ಗೆ ಏನು ಉಳಿಯಿತು ಎಂದು ಯಾರೂ ಹೇಳಲಿಲ್ಲ. ನಸುಕಿನ ಬೆಳಕು, ಜಲಪಾತ, ನಕ್ಷತ್ರ ಮೂರಕ್ಕೂ ಟ್ರೈಪಾಡ್ ಬೇಕು. ಹೆಡ್ ಸೇರಿ 1.2ರಿಂದ 1.5 ಕಿಲೋ ಅದಕ್ಕೆಂದೇ ಎತ್ತಿಡಿ. ಒಂದು ಕಿಲೋಗಿಂತ ಹಗುರಾದದ್ದು ಗಾಳಿಯಲ್ಲಿ ನಡುಗುತ್ತದೆ, ಆಗ ಅದನ್ನು ಹೊತ್ತದ್ದೇ ದಂಡ.

ಆರಿಸುವಾಗ ನೋಡಬೇಕಾದದ್ದು: ನಡುಗಂಬ ಎತ್ತದೆ ಕ್ಯಾಮೆರಾ ಎದೆಮಟ್ಟಕ್ಕಾದರೂ ಬರಬೇಕು. ನಡುಗಂಬ ಎತ್ತಿದ ಕೂಡಲೇ ಮೂರು ಕಾಲಿನ ಬಲ ಒಂದು ಕೋಲಿನ ಮೇಲೆ ಬೀಳುತ್ತದೆ. ಕಾಲು ನಾಲ್ಕು ಹಂತದ್ದಾದರೆ ಗಟ್ಟಿ, ಐದು ಹಂತದ್ದಾದರೆ ಮಡಚಿದಾಗ ಚಿಕ್ಕದು. ಆದರೆ ಐದನೆಯ ಹಂತದ ಕೊಳವೆ ಬೆರಳಿನಷ್ಟು ತೆಳ್ಳಗಾಗಿರುತ್ತದೆ. ಕಂಪನಿ ಹೇಳುವ "10 ಕಿಲೋ ಹೊರುತ್ತದೆ" ಎಂಬ ಮಾತಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಅಂಗಡಿಯಲ್ಲಿ ಪೂರ್ತಿ ಬಿಚ್ಚಿ, ಕ್ಯಾಮೆರಾ ಹಾಕಿ, ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ, ಒಂದು ಕಾಲನ್ನು ಬೆರಳಿನಿಂದ ತಟ್ಟಿ. ಅಲುಗಾಟ ಒಂದೆರಡು ಸೆಕೆಂಡಿನಲ್ಲಿ ನಿಲ್ಲಬೇಕು. ಕಾರ್ಬನ್ ಫೈಬರ್ ಹಗುರ, ಅಲುಗಾಟವನ್ನೂ ಬೇಗ ನುಂಗುತ್ತದೆ, ಚಳಿಯಲ್ಲಿ ಕೈ ಸುಡುವಷ್ಟು ತಣ್ಣಗಾಗುವುದಿಲ್ಲ.

ಹೆಡ್‌ಗೆ ಅರ್ಕಾ ಮಾದರಿಯ ಪ್ಲೇಟ್ (ಕ್ಯಾಮೆರಾವನ್ನು ಹೆಡ್ಡಿಗೆ ಕೂರಿಸುವ ತಟ್ಟೆ) ಇರಲಿ, ಹೆಚ್ಚಿನ ಕಡೆ ಹೊಂದುತ್ತದೆ. ಲಂಬ ಚಿತ್ರ ಹೆಚ್ಚು ತೆಗೆಯುವವರಾದರೆ ಎಲ್ ಆಕಾರದ ಬ್ರಾಕೆಟ್ ನೂರು ಗ್ರಾಂ ಆಸುಪಾಸು, ಅದು ಸಾರ್ಥಕ ತೂಕ. ಬಾಲ್ ಹೆಡ್ಡನ್ನು ಪಕ್ಕಕ್ಕೆ 90 ಡಿಗ್ರಿ ಮಲಗಿಸಿದರೆ ಭಾರ ಮೂರು ಕಾಲಿನ ನಡುವೆ ಇರುವುದಿಲ್ಲ, ನಿಧಾನವಾಗಿ ಕೆಳಗೆ ಜಾರುತ್ತದೆ.

ಬಳಸುವಾಗ: ಇಳಿಜಾರಿನಲ್ಲಿ ಒಂದು ಕಾಲು ಇಳಿಜಾರಿನ ಕಡೆಗೆ, ಎರಡು ಮೇಲಕ್ಕೆ. ಗಾಳಿಯಿದ್ದರೆ ಮೊದಲು ಕ್ಯಾಮೆರಾ ಪಟ್ಟಿ ಬಿಚ್ಚಿ, ಲೆನ್ಸ್ ಹುಡ್ ತೆಗೆಯಿರಿ, ಎತ್ತರ ಇಳಿಸಿ. ಚೀಲ ನೇತುಹಾಕುವುದಾದರೆ ಅದು ನೆಲಕ್ಕೆ ತಾಗಿರಬೇಕು, ತೂಗಾಡುವ ಚೀಲ ಇನ್ನಷ್ಟು ಅಲುಗಿಸುತ್ತದೆ. ಸೆಲ್ಫ್ ಟೈಮರ್ 2 ಸೆಕೆಂಡ್, 200 ಮಿ.ಮೀ. ಬಳಸುವಾಗ 5 ಅಥವಾ 10. ಶಟರ್ ಪರದೆಯ ಬಡಿತ ಚಿತ್ರವನ್ನು ಮಸುಕು ಮಾಡುವುದು ಹೆಚ್ಚಾಗಿ ನಿಧಾನ ಮತ್ತು ಮಧ್ಯಮ ವೇಗಗಳಲ್ಲಿ. ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಹಾಕಿದರೆ ಆ ತೊಂದರೆ ತಪ್ಪುತ್ತದೆ.

ಹನಿನೀರು

ಫಿಲ್ಟರ್ ಎರಡು ಸಾಕು. ಒಂದು ಸರ್ಕ್ಯುಲರ್ ಪೋಲರೈಸರ್, ಒಂದು 6 ಸ್ಟಾಪ್ ಎನ್‌ಡಿ. 10 ಸ್ಟಾಪ್ ಆಮೇಲೆ ನೋಡಿ.

ಪೋಲರೈಸರ್ ಮಾಡುವ ಕೆಲಸವನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡಲಾಗುವುದಿಲ್ಲ. ಒದ್ದೆ ಎಲೆ, ಒದ್ದೆ ಬಂಡೆಯ ಬಿಳಿ ಹೊಳಪನ್ನು ತೆಗೆದು ಅಡಿಯ ಬಣ್ಣ ತೋರಿಸುತ್ತದೆ. ನೀರಿನ ಮೇಲಿನ ಪ್ರತಿಫಲನಕ್ಕೆ ಅದು ಪೂರ್ತಿ ಕೆಲಸ ಮಾಡುವುದು ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಮೇಲಿನಿಂದ ನೋಡಿದಾಗ. ನೆಟ್ಟಗೆ ಮೇಲಿನಿಂದ ನೋಡಿದರೆ ಏನೂ ಆಗದು. ಆಕಾಶದಲ್ಲಿ ಪ್ರಭಾವ ಹೆಚ್ಚು ಇರುವುದು ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ. ತೋರುಬೆರಳನ್ನು ಸೂರ್ಯನಿಗೆ ಹಿಡಿದು ಹೆಬ್ಬೆರಳನ್ನು ಲಂಬವಾಗಿ ಚಾಚಿ, ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ತೋರಿಸುವ ಕಡೆಯೆಲ್ಲ ಆಕಾಶ ಕಪ್ಪಾಗುತ್ತದೆ. 24 ಮಿ.ಮೀ.ಗಿಂತ ಅಗಲದಲ್ಲಿ ನೀಲಿ ಆಕಾಶ ತುಂಬಿಕೊಂಡರೆ ನಡುವೆ ಕಪ್ಪು ಮಚ್ಚೆ ಬೀಳುತ್ತದೆ, ಅಲ್ಲಿ ಫಿಲ್ಟರ್ ತೆಗೆದುಬಿಡಿ ಅಥವಾ ಅರ್ಧಕ್ಕೆ ತಿರುಗಿಸಿ. ಜಲಪಾತದ ತುಂತುರಿನಲ್ಲಿ ಕಾಮನಬಿಲ್ಲು ಇದ್ದರೆ ನೋಡಿ ತಿರುಗಿಸಿ, ತಪ್ಪು ಕೋನದಲ್ಲಿ ಬಿಲ್ಲೇ ಮಾಯವಾಗುತ್ತದೆ.

ಎನ್‌ಡಿ ಲೆಕ್ಕ: 6 ಸ್ಟಾಪ್ ಎಂದರೆ 64 ಪಟ್ಟು, 10 ಎಂದರೆ ಸಾವಿರ ಪಟ್ಟು. 1/60 ಇದ್ದದ್ದು 6ರಲ್ಲಿ 1 ಸೆಕೆಂಡ್, 10ರಲ್ಲಿ 17 ಸೆಕೆಂಡ್. ಜಲಪಾತಕ್ಕೆ 1/4ರಿಂದ 1 ಸೆಕೆಂಡ್ ಒಳ್ಳೆಯದು, ನೀರಿನ ಎಳೆಗಳು ಉಳಿಯುತ್ತವೆ. ಅದಕ್ಕಿಂತ ಬಹಳ ಹೆಚ್ಚಾದರೆ ಬಿಳಿ ಬಟ್ಟೆ ಹಾಸಿದಂತಾಗಿ ಆಕಾರವೇ ಇರುವುದಿಲ್ಲ. ದಡದಿಂದ ಹಿಂದೆ ಸರಿಯುವ ಅಲೆಗೂ ಅರ್ಧದಿಂದ 1 ಸೆಕೆಂಡ್. ಕಡಲನ್ನು ಪೂರ್ತಿ ಮಂಜಿನಂತೆ ಮಾಡಬೇಕೆಂದರೆ 30 ಸೆಕೆಂಡ್ ಮತ್ತು ಮೇಲೆ. ಮೋಡ ಕವಿದ ದಿನ ಕಾಡಿನೊಳಗಿನ ಜಲಪಾತಕ್ಕೆ ಪೋಲರೈಸರ್ ನುಂಗುವ ಒಂದೆರಡು ಸ್ಟಾಪ್ ಮತ್ತು ಎಫ್/11 ಸೇರಿದರೆ ಎನ್‌ಡಿ ಬೇಡವೇ ಬೇಡ.

ವೇರಿಯಬಲ್ ಎನ್‌ಡಿ ಬೇಡ. ಅದು ಎರಡು ಪೋಲರೈಸರ್‌ಗಳ ಜೋಡಿ, ವೈಡ್ ಲೆನ್ಸಿನಲ್ಲಿ ಗಾಢಕ್ಕೆ ತಿರುಗಿಸಿದರೆ ಚಿತ್ರದ ಮೇಲೆ ಗುಣಾಕಾರ ಚಿಹ್ನೆಯಂಥ ಕಪ್ಪು ಮೂಡುತ್ತದೆ.

ಲೆನ್ಸ್ ಆರಿಸುವಾಗಲೇ ಫಿಲ್ಟರ್ ವ್ಯಾಸ ನೋಡಿ. ಮೇಲೆ ಹೇಳಿದ ಸೋನಿ 20-70 72 ಮಿ.ಮೀ., ಟ್ಯಾಮ್ರಾನ್ 67. 72ರ ಫಿಲ್ಟರ್ ಕೊಂಡು ಒಂದು 67-72 ಸ್ಟೆಪ್ ಅಪ್ ರಿಂಗ್ ಹಾಕಿದರೆ ಎರಡಕ್ಕೂ ಆಯಿತು. ನಿಕಾನ್ 14-30ಕ್ಕೆ 82 ಬೇಕು.

ಹಗುರಚೀಲ

ಒಂದೇ ಉದ್ದ ಜೂಮ್ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ. ನಿಕಾನ್ 24-200, ಟ್ಯಾಮ್ರಾನ್ 28-200 ಎಫ್/2.8-5.6 ಇವೆರಡೂ ಎಫ್/8ರಲ್ಲಿ ನಿಸರ್ಗಕ್ಕೆ ಧಾರಾಳ ಸಾಕು. ಬೆಟ್ಟದ ತುದಿಯಲ್ಲಿ ಗಾಳಿ, ಧೂಳು, ತುಂತುರು ಇರುವಾಗ ಲೆನ್ಸ್ ಬದಲಿಸದೆ ಇರುವುದೇ ದೊಡ್ಡ ಅನುಕೂಲ. ಮಂಜಿನ ನಡುವೆ ಬೆಳಕಿನ ಕಿರಣ ಇರುವುದು ಅರ್ಧ ನಿಮಿಷ. 28ರಿಂದ ಶುರುವಾಗುವುದು ಮಾತ್ರ ಇಕ್ಕಟ್ಟು, 65 ಡಿಗ್ರಿ ಅಷ್ಟೇ. ಲಂಬವಾಗಿ ಹಿಡಿದು ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ನಾಲ್ಕೈದು ಫ್ರೇಮ್ ತೆಗೆದು ಪನೋರಮಾ ಹೊಲಿದರೆ ಆ ಕೊರತೆ ತುಂಬುತ್ತದೆ.

ಗಾಜುಕಣ್ಣು

ದೂರದ ದೃಶ್ಯಕ್ಕೆ ಪನೋರಮಾ ಸರಿ. ಒಂದು ಮೀಟರ್‌ನಲ್ಲಿ ಹೂವಿದ್ದರೆ ಕ್ಯಾಮೆರಾ ತಿರುಗುವ ಬಿಂದು ಲೆನ್ಸಿನ ಪ್ರವೇಶ ಬಿಂದುವಿನಲ್ಲೇ (ಮುಂದಿನಿಂದ ನೋಡಿದಾಗ ಅಪರ್ಚರ್ ಕಾಣುವ ಜಾಗ) ಇರಬೇಕು, ಇಲ್ಲದಿದ್ದರೆ ಹೂವಿಗೂ ಹಿನ್ನೆಲೆಗೂ ಕೂಡಿಕೆ ತಪ್ಪುತ್ತದೆ. ಅದಕ್ಕೆ ಸ್ಲೈಡಿಂಗ್ ಪ್ಲೇಟ್ ಬೇಕು, ಮತ್ತೆ ತೂಕ. ಮುನ್ನೆಲೆಯನ್ನು ಇಷ್ಟಪಡುವವರು ವೈಡ್ ಲೆನ್ಸನ್ನೇ ಕೊಳ್ಳುವುದು ವಾಸಿ.

ನಸುಕು

ನಕ್ಷತ್ರಕ್ಕೆ ಎಫ್/4 ಜೂಮ್ ಸಾಲದು. 20 ಮಿ.ಮೀ. ಎಫ್/1.8 ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಐದು ಪಟ್ಟು ಹೆಚ್ಚು ಬೆಳಕು ತರುತ್ತದೆ, ಸೋನಿಯದು 373 ಗ್ರಾಂ. ರಾತ್ರಿ ಚಿತ್ರ ಖಚಿತವಾಗಿ ಇರುವ ಪ್ರವಾಸಕ್ಕೆ ಮಾತ್ರ ಹಾಕಿಕೊಳ್ಳಿ.

ನಕ್ಷತ್ರ ಗೆರೆಯಾಗದಂತೆ ಶಟರ್ ಎಷ್ಟು ಹೊತ್ತು ತೆರೆದಿಡಬಹುದೆಂದು 500 ನಿಯಮ ಹೇಳಿಕೊಡುವವರು 500ನ್ನು 20ರಿಂದ ಭಾಗಿಸಿ 25 ಸೆಕೆಂಡ್ ಎನ್ನುತ್ತಾರೆ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ, 20 ಮಿ.ಮೀ.ನಲ್ಲಿ ಅದು ಸೆನ್ಸರಿನ ಮೇಲೆ 1.45 ಮೈಕ್ರಾನ್. 25 ಸೆಕೆಂಡಿಗೆ 36 ಮೈಕ್ರಾನ್. 24 ಮೆಗಾಪಿಕ್ಸೆಲ್ ಫುಲ್ ಫ್ರೇಮಿನ ಒಂದು ಪಿಕ್ಸೆಲ್ 6 ಮೈಕ್ರಾನ್, ಅಂದರೆ ನಕ್ಷತ್ರ 6 ಪಿಕ್ಸೆಲ್ ಉದ್ದದ ಗೆರೆ. 10 ಸೆಕೆಂಡಿಗೆ ಎರಡೂವರೆ ಪಿಕ್ಸೆಲ್, ಅದು ಚುಕ್ಕೆಯಂತೆಯೇ ಕಾಣುತ್ತದೆ. ಎಫ್/1.8, ಐಎಸ್‌ಒ 6400, 10 ಸೆಕೆಂಡಿನ ಹತ್ತಿಪ್ಪತ್ತು ಫ್ರೇಮ್ ತೆಗೆದು ಸೀಕ್ವೇಟರ್‌ನಂಥ ತಂತ್ರಾಂಶದಲ್ಲಿ ಜೋಡಿಸಿ. ಫೋಕಸ್‌ಗೆ ಹೊಳೆಯುವ ಒಂದು ನಕ್ಷತ್ರವನ್ನು ಲೈವ್ ವ್ಯೂನಲ್ಲಿ ಪೂರ್ತಿ ಹಿಗ್ಗಿಸಿ, ಚುಕ್ಕೆ ಅತಿ ಚಿಕ್ಕದಾಗುವವರೆಗೆ ರಿಂಗ್ ತಿರುಗಿಸಿ. ಲೆನ್ಸಿನ ಮೇಲಿನ ಅನಂತ ಗುರುತನ್ನು ನಂಬಬೇಡಿ.

ದೂರದಬೆಟ್ಟ

ಬಾಡಿ ಹೊಸದು, ಒಂದು ಲೆನ್ಸ್ ಬಳಸಿದ್ದು ಕೊಳ್ಳುವ ಯೋಚನೆ. ಏನು ಪರೀಕ್ಷಿಸಬೇಕು?

ಗಾಜುಕಣ್ಣು

ಹೊಸ ಲೆನ್ಸಿಗೂ ಈ ಪರೀಕ್ಷೆ ಮಾಡಿ, ಹಿಂದಿರುಗಿಸುವ ಅವಧಿಯೊಳಗೇ. ನಿಸರ್ಗ ಚಿತ್ರದಲ್ಲಿ ಮೂಲೆಗಳೂ ಮುಖ್ಯ, ಒಳಗಿನ ಒಂದು ಗಾಜು ಓರೆಯಾಗಿದ್ದರೆ ಒಂದು ಪಕ್ಕ ಯಾವಾಗಲೂ ಮಸುಕು.

ಬೆಳಗಿನ ತಂಪಿನಲ್ಲಿ, ಬಿಸಿಗಾಳಿ ಏಳುವ ಮೊದಲು, ನೂರಾರು ಮೀಟರ್ ದೂರದ ಒಂದು ಸ್ಪಷ್ಟ ವಸ್ತು ಆರಿಸಿ: ಗೋಪುರವೋ ಕಂಬವೋ. ಟ್ರೈಪಾಡ್, ಮೂಲ ಐಎಸ್‌ಒ, ಎಫ್/5.6, ಟೈಮರ್, ಅಗಲದ ತುದಿ. ವಸ್ತುವನ್ನು ನಡುವಿಟ್ಟು ಹಿಗ್ಗಿಸಿ ಕೈಯಿಂದ ಫೋಕಸ್ ಮಾಡಿ, ಅಲ್ಲಿಗೆ ಬಿಡಿ. ಒಂದು ಚಿತ್ರ. ಫೋಕಸ್ ಮುಟ್ಟದೆ ಅದೇ ವಸ್ತುವನ್ನು ನಾಲ್ಕು ಮೂಲೆಗೆ ತಂದು ಒಂದೊಂದು ಚಿತ್ರ. ನಾಲ್ಕೂ ಮೂಲೆ ಒಂದೇ ತೆರನಾಗಿ ಸ್ವಲ್ಪ ಮೆತ್ತಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಮೂಲೆ ಅಥವಾ ಒಂದೇ ಪಕ್ಕ ಕೆಟ್ಟಿದ್ದರೆ ಲೆನ್ಸ್ ಸರಿಯಿಲ್ಲ. ನಡು ಮತ್ತು ದೂರದ ತುದಿಯಲ್ಲೂ ಇದನ್ನೇ ಮಾಡಿ, ಜೂಮ್ ಒಂದು ತುದಿಯಲ್ಲಿ ಚೆನ್ನಾಗಿದ್ದು ಇನ್ನೊಂದರಲ್ಲಿ ಹಾಳಾಗಿರಬಹುದು.

ಬಳಸಿದ್ದಾದರೆ ಅಪರ್ಚರ್ ತೆರೆದು ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು, ವಾಪಸ್ ಕೊಡಿ. ಒಂದೆರಡು ಧೂಳಿನ ಕಣಕ್ಕೆ ಚಿಂತೆ ಬೇಡ, ಚಿತ್ರದಲ್ಲಿ ಕಾಣುವುದಿಲ್ಲ. ಜೂಮ್ ರಿಂಗ್ ತಿರುಗಿಸುವಾಗ ಮರಳಿನ ಕರಕರ ಇದೆಯೇ, ಮೂತಿ ಹೊರಬಂದಾಗ ಅಲ್ಲಾಡುತ್ತದೆಯೇ, ಮೌಂಟಿನ ಸ್ಕ್ರೂ ತಲೆ ಸವೆದಿದೆಯೇ ನೋಡಿ. ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ.

ಹಗುರಚೀಲ

ಬ್ಯಾಟರಿ ಮತ್ತು ತೇವದ ಬಗ್ಗೆ ಬೇಗ ಹೇಳುತ್ತೇನೆ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಎರಡೂ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ತುದಿಗಳನ್ನು ಮುಚ್ಚಿ. ಮಿತಿ 100 ವಾಟ್-ಅವರ್. ಸೋನಿಯ ಎನ್‌ಪಿ-ಎಫ್‌ಝಡ್100 ಬ್ಯಾಟರಿ 16.4, 20000 ಎಂಎಎಚ್ ಪವರ್ ಬ್ಯಾಂಕ್ 74. ಎರಡು ಬಿಡಿ ಬ್ಯಾಟರಿ ಮತ್ತು ಯುಎಸ್‌ಬಿ-ಸಿ ಕೇಬಲ್ ಇದ್ದರೆ ಚಾರ್ಜರ್ ಹೊರಬೇಕಿಲ್ಲ. ಚಳಿಯಲ್ಲಿ ಬಿಡಿ ಬ್ಯಾಟರಿ ಒಳಜೇಬಿನಲ್ಲಿರಲಿ.

ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವ ಮೊದಲು ಹೊರಗೇ ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ. ಒಳಗೆ ಬಂದು ಒಂದೆರಡು ಗಂಟೆ ತೆರೆಯಬೇಡಿ. ಹನಿ ಚೀಲದ ಹೊರಗೆ ಕಟ್ಟುತ್ತದೆ, ಗಾಜಿನ ಮೇಲಲ್ಲ. ಮೆಮೊರಿ ಕಾರ್ಡ್ ಬೇಕಿದ್ದರೆ ಹೊರಗೇ ತೆಗೆದುಕೊಳ್ಳಿ. ಮನೆಯಲ್ಲಿ ಇಡುವ ಪೆಟ್ಟಿಗೆಯ ತೇವಾಂಶ ಶೇ. 40ರಿಂದ 50. ಶೇ. 60 ದಾಟಿ ಬಹಳ ದಿನ ಇದ್ದರೆ ಬೂಷ್ಟು ಹಿಡಿಯುವ ಅಪಾಯ.

ದೂರದಬೆಟ್ಟ

ಕಡಲ ತೀರದ ಬಗ್ಗೆ ಒಂದೇ ಪ್ರಶ್ನೆ ಉಳಿದಿದೆ. ಉಪ್ಪುನೀರು, ಮರಳಿನಿಂದ ಇದೆಲ್ಲವನ್ನು ಹೇಗೆ ಉಳಿಸಿಕೊಳ್ಳುವುದು?

ಹನಿನೀರು

ಲೆನ್ಸ್ ಬದಲಿಸುವ ಕೆಲಸವನ್ನು ತೀರಕ್ಕೆ ಇಳಿಯುವ ಮೊದಲೇ ಮುಗಿಸಿ. ಗಾಜಿನ ಮೇಲೆ ಉಪ್ಪಿನ ಹನಿ ಬಿದ್ದರೆ ಒಣ ಬಟ್ಟೆಯಿಂದ ಉಜ್ಜಬೇಡಿ, ಒಣಗಿದ ಉಪ್ಪು ಮತ್ತು ಮರಳು ಲೇಪನವನ್ನು ಗೀರುತ್ತವೆ. ಮೊದಲು ಬ್ಲೋವರ್, ಆಮೇಲೆ ಲೆನ್ಸ್ ದ್ರವದಿಂದ ಒದ್ದೆ ಮಾಡಿದ ಟಿಶ್ಯೂ, ಕೊನೆಗೆ ಒಣ ಮೈಕ್ರೋಫೈಬರ್. ತುಂತುರು ನಿಲ್ಲದಿದ್ದರೆ ಮುಂದೆ ಒಂದು ಸಾದಾ ಕ್ಲಿಯರ್ ಫಿಲ್ಟರ್ ಹಾಕಿ, ಸೂರ್ಯ ಫ್ರೇಮಿನೊಳಗೆ ಬಂದಾಗ ತೆಗೆಯಿರಿ, ಇಲ್ಲವಾದರೆ ಅದರ ಪ್ರತಿಫಲನ ಚಿತ್ರದಲ್ಲಿ ಮೂಡುತ್ತದೆ.

ಟ್ರೈಪಾಡ್ ಕಾಲನ್ನು ನೀರಿನಲ್ಲಿಡುವುದಾದರೆ ಕೊನೆಯ ತೆಳು ಹಂತವನ್ನು ಮೊದಲು ಪೂರ್ತಿ ಎಳೆಯಿರಿ. ಆಗ ತಿರುಪು ಬೀಗ ನೀರಿನ ಮೇಲೆ ಉಳಿಯುತ್ತದೆ, ಮರಳು ಒಳಹೋಗುವುದಿಲ್ಲ. ಅಲೆ ಹಿಂದೆ ಹೋಗುವಾಗ ಕಾಲಡಿಯ ಮರಳನ್ನು ಕೊರೆಯುತ್ತದೆ, ಆದ್ದರಿಂದ ಮೊದಲೇ ಕಾಲನ್ನು ಒತ್ತಿ ಹತ್ತು ಸೆಂಟಿಮೀಟರ್ ಇಳಿಸಿ, ಒಂದು ಅಲೆ ಬಂದುಹೋದ ಮೇಲೆ ಮತ್ತೆ ಒತ್ತಿ, ಆಮೇಲೆ ಶಟರ್. ವಾಪಸ್ ಬಂದ ದಿನವೇ ಹೆಡ್ ಬಿಚ್ಚಿ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆಯಿರಿ, ಬೀಗ ಬಿಚ್ಚಿ ಮರಳು ಒರೆಸಿ, ಎಳೆದಿಟ್ಟೇ ರಾತ್ರಿ ಒಣಗಿಸಿ. ಮಡಚಿಟ್ಟರೆ ಒಳಗಿನ ಉಪ್ಪುನೀರು ಲೋಹದ ಭಾಗಗಳನ್ನು ತಿನ್ನುತ್ತದೆ. ಬಾಡಿಯನ್ನು ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಗುಂಡಿಗಳ ಸುತ್ತ, ಹಾಟ್ ಶೂ, ಬ್ಯಾಟರಿ ಬಾಗಿಲಿನ ಅಂಚು ಬಿಡಬೇಡಿ. ಬಾಗಿಲುಗಳನ್ನು ತೆರೆಯುವುದು ಹೊರಗೆಲ್ಲ ಒಣಗಿದ ಮೇಲೆ.